ಪ್ರಸಂಗ: ಅಮ್ಮನವರು

ಯಾರಾದರೂ "ಸಿಸ್ಟರ್" ಎಂದು ಕರೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ನರ್ಸುಗಳನ್ನು ಹಾಗೆ ಕರೆಯಲಿ, ಕಾನ್ವೆಂಟಿನ ಕನ್ಯಾಸ್ತ್ರೀಯರನ್ನು ಕರೆಯಲಿ, ನನ್ನ ತಕರಾರಿಲ್ಲ. ನಾನು ಯಲಹಂಕದ ಹತ್ತಿರದ ಒಂದು ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ದೈವಶಾಸ್ತ್ರ ಓದಿದವಳು. ಗ್ರೀಕ್ ಓದಿದ್ದೇನೆ, ಹೀಬ್ರೂ ಓದಿದ್ದೇನೆ, ಸಾವಾದ ಮನೆಗೆ ಹೋದಾಗ ಏನು ಮಾತಾಡಬೇಕು, ಎಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕು ಎಂಬುದಕ್ಕೂ ಪರೀಕ್ಷೆ ಬರೆದಿದ್ದೇನೆ. ನನ್ನ ಪಕ್ಕದಲ್ಲೇ ಕೂತು, ನನ್ನ ನೋಟ್ಸನ್ನೇ ಜೆರಾಕ್ಸ್ ಮಾಡಿಸಿಕೊಂಡು ಪಾಸಾದ ಗಂಡಸರು ಮೊದಲ ವರ್ಷ ಮುಗಿಯುವ ಹೊತ್ತಿಗೆ ಎಲ್ಲರ ಬಾಯಲ್ಲೂ "ಪಾಸ್ಟರ್" ಆಗಿದ್ದರು. ನಾನು ನಾಲ್ಕನೇ ವರ್ಷದಲ್ಲೂ ಸಿಸ್ಟರ್ ಆಗಿಯೇ ಇದ್ದೆ.

ನಮ್ಮ ಕನ್ನಡ ಕ್ರೈಸ್ತ ಸಭೆಗಳಲ್ಲಿ ಪಾದ್ರಿಯನ್ನು ಹೆಸರು ಹಿಡಿದು ಕರೆಯುವ ರೂಢಿಯಿಲ್ಲ. ಅವರು ಅಯ್ಯನವರು. ಅವರ ಹೆಂಡತಿ ಅಮ್ಮನವರು. ಅಯ್ಯನವರಾಗಲು ನಾಲ್ಕು ವರ್ಷ ಓದಬೇಕು, ಸಂದರ್ಶನ ಕೊಡಬೇಕು, ದೀಕ್ಷೆ ಪಡೆಯಬೇಕು. ಅಮ್ಮನವರಾಗಲು ಅಯ್ಯನವರನ್ನು ಮದುವೆಯಾದರೆ ಸಾಕು. ಹಾಗಾದರೆ ಹೆಣ್ಣೊಬ್ಬಳು ತಾನೇ ಓದಿ, ತಾನೇ ದೀಕ್ಷೆ ಪಡೆದು, ತಾನೇ ಸಭೆ ನಡೆಸಲು ಬಂದರೆ ಅವಳನ್ನು ಏನೆಂದು ಕರೆಯುವುದು? ಅದಕ್ಕೆ ನಮ್ಮಲ್ಲಿ ಪದವೇ ಇಲ್ಲವಲ್ಲಾ ಎಂದು ಹಿರಿಯರು ಬಹಳ ದುಃಖದಿಂದ ತಲೆಯಾಡಿಸುತ್ತಾರೆ. ಮೆಟ್ರೋಗೂ ಮೊಬೈಲಿಗೂ ಒಂದೇ ದಿನದಲ್ಲಿ ಬಾಯಿ ಒಗ್ಗಿಸಿಕೊಂಡ ಜನ ಇವರು.

ನಾನು ಬೆಳೆದದ್ದು ಜಾಲಹಳ್ಳಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಅಪ್ಪ ಅಲ್ಲಿ ಫಿಟ್ಟರ್ ಆಗಿದ್ದವರು. ಡಿಗ್ರಿ ಮುಗಿಸಿ ದೈವಶಾಸ್ತ್ರಕ್ಕೆ ಸೇರುತ್ತೇನೆ ಎಂದಾಗ ಅಪ್ಪ ಬೈಯಲಿಲ್ಲ. "ಓದು. ಆದ್ರೆ ಓದಿದ್ಮೇಲೆ ಯಾವ ಸಭೆ ನಿನ್ನ ಕರ್ಕೊಳುತ್ತೆ?" ಎಂದು ಕೇಳಿ ಪೇಪರಿನೊಳಗೆ ಮುಖ ಹಾಕಿದರು. ನಾನು ಏನು ಓದುತ್ತಿದ್ದೇನೆ ಎಂದು ಸಲೀಸಾಗಿ ಅರ್ಥ ಮಾಡಿಕೊಂಡವರು ಎದುರು ಮನೆಯ ಚಾಚಿ ಒಬ್ಬರೇ. ಅವರ ಅಕ್ಕನ ಮಗಳು ಆರ್.ಟಿ. ನಗರದಲ್ಲಿ ಆಲಿಮಾ ಕೋರ್ಸ್, ಅಂದರೆ ಮುಸ್ಲಿಂ ಹೆಣ್ಣುಮಕ್ಕಳ ಧರ್ಮಶಾಸ್ತ್ರದ ಓದು, ಮಾಡುತ್ತಿದ್ದಳು. "ಅರೇ, ನಮ್ ಹುಡ್ಗಿ ನಮ್ಮಲ್ಲಿ ಓದ್ತಾ ಇದ್ದಾಳಲ್ಲ, ಹಂಗೇ ನೀನು ನಿಮ್ಮಲ್ಲಿ" ಎಂದು ಕೈಗೆ ಖರ್ಜೂರ ಕೊಟ್ಟರು. ನಮ್ಮ ಸಭೆಯವರಿಗೆ ನಾಲ್ಕು ವರ್ಷ ವಿವರಿಸಿದರೂ ಅಷ್ಟು ತಿಳಿಯಲಿಲ್ಲ. "ಓದಿದ್ಮೇಲೆ ಯಾರಾದ್ರೂ ಅಯ್ಯನವ್ರನ್ನ ನೋಡಿ ಮದ್ವೆ ಮಾಡ್ಬಿಡಿ" ಎಂದು ಅವರು ಅಮ್ಮನಿಗೆ ಸಲಹೆ ಕೊಡುತ್ತಿದ್ದರು.

ಕೊನೆಯ ವರ್ಷದಲ್ಲಿ ನಮಗೆ ಫೀಲ್ಡ್ ವರ್ಕ್ ಇರುತ್ತಿತ್ತು. ಒಬ್ಬೊಬ್ಬರಿಗೂ ಒಂದೊಂದು ಸಭೆಯನ್ನು ಗೊತ್ತುಮಾಡುತ್ತಾರೆ. ವರ್ಷವಿಡೀ ಪ್ರತಿ ಭಾನುವಾರ ಅಲ್ಲಿಗೆ ಹೋಗಿ ಕೆಲಸ ಕಲಿಯಬೇಕು, ಕಾಲೇಜಿನ ಮೇಷ್ಟ್ರ ಎದುರಿಗೆ ಒಂದು ಪ್ರಸಂಗವನ್ನಾದರೂ, ಅಂದರೆ ಪೀಠದಲ್ಲಿ ನಿಂತು ಬೋಧನೆಯನ್ನು, ಮಾಡಬೇಕು. ಕೊನೆಗೆ ಅಲ್ಲಿನ ಅಯ್ಯನವರು ಒಂದು ಫಾರ್ಮ್ ತುಂಬಿ ಕೊಡುತ್ತಾರೆ. ಫಾರ್ಮಿನ ಅಡಿಯಲ್ಲಿ ಒಂದು ಪ್ರಶ್ನೆ, ಅದರ ಮುಂದೆ ಒಂದು ಖಾಲಿ ಗೆರೆ. ಈ ವಿದ್ಯಾರ್ಥಿ ಯಾವ ಸೇವೆಗೆ ಯೋಗ್ಯರು? ಅಲ್ಲಿ "ಸಭಾಪಾಲನೆಗೆ", ಅಂದರೆ ಅಯ್ಯನವರ ಕೆಲಸಕ್ಕೆ, ಎಂದು ಬರೆದರೆ ಚರ್ಚಿನ ದೊಡ್ಡವರು ಸಂದರ್ಶನಕ್ಕೆ ಕರೆಯುತ್ತಾರೆ, ದೀಕ್ಷೆಯ ದಾರಿ ತೆರೆಯುತ್ತದೆ. ಬೇರೆ ಏನು ಬರೆದರೂ ಕರೆಯುವುದಿಲ್ಲ. ನನ್ನ ನಾಲ್ಕು ವರ್ಷ ಆ ಒಂದು ಗೆರೆಗೆ ಬಂದು ನಿಂತಿತ್ತು.

ನನಗೆ ಸಿಕ್ಕಿದ್ದು ಪುಟ್ಟೇನಹಳ್ಳಿ ಕೆರೆಯ ಕಡೆಯ ಒಂದು ಸಣ್ಣ ಕನ್ನಡ ಸಭೆ. ಗಂಗಮ್ಮ ಸರ್ಕಲ್ಲಿನಲ್ಲಿ ಬಸ್ಸು ಬದಲಾಯಿಸಿ, ಎಂ.ಎಸ್. ಪಾಳ್ಯ ದಾಟಿ ಎಂಟು ಗಂಟೆಯೊಳಗೆ ಅಲ್ಲಿರಬೇಕಿತ್ತು. ಅಲ್ಲಿನ ಅಯ್ಯನವರಿಗೆ ಐವತ್ತು ದಾಟಿತ್ತು. ಮೆತ್ತಗಿನ ಮಾತು, ಇಸ್ತ್ರಿ ಹಾಕಿದ ಅಂಗಿ, ಎಲ್ಲರಿಗೂ ಬೇಕಾದವರು. ಅವರು ಗದರಿಸುವ ಮನುಷ್ಯರಾಗಿದ್ದರೆ ನಾನು ಮೊದಲ ತಿಂಗಳೇ ಜಗಳವಾಡಿ ಹಗುರಾಗುತ್ತಿದ್ದೆ. ಅವರು ನಗುನಗುತ್ತಾ ಇಲ್ಲ ಎನ್ನುವವರು. ಅಂಥವರ ಹತ್ತಿರ ಜಗಳವಾಡಿದರೆ ನಾವೇ ಕೆಟ್ಟವರಾಗಿ ಕಾಣುತ್ತೇವೆ.

ನನ್ನ ಜೊತೆ ಅದೇ ಸಭೆಗೆ ನನ್ನ ಕ್ಲಾಸಿನ ಹುಡುಗನೊಬ್ಬನನ್ನೂ ಹಾಕಿದ್ದರು. ಎರಡನೇ ಭಾನುವಾರ ಅವನು ಚಿಕ್ಕ ಅಯ್ಯನವರಾದ. ಮೂರನೇ ಭಾನುವಾರ ಅವನಿಗೆ ಪ್ರಸಂಗ ಸಿಕ್ಕಿತು. ಮೂವತ್ತೈದು ನಿಮಿಷ ಕಿರುಚಿ, ಹೇಳಿದ್ದನ್ನೇ ಹೇಳಿ, ಬೆವರು ಒರೆಸಿಕೊಂಡು ಇಳಿದ. ಜನ ಕೈ ಕುಲುಕಿದರು. ಅಷ್ಟು ಹೊತ್ತೂ ನಾನು ಚರ್ಚಿನ ಹಿಂದಿನ ಶೆಡ್ಡಿನಲ್ಲಿ ಸಂಡೆ ಸ್ಕೂಲ್ ಮಕ್ಕಳಿಗೆ ಬಣ್ಣದ ಪೆನ್ಸಿಲ್ ಹಂಚುತ್ತಾ, ಕಿಟಕಿಯಿಂದ ಬರುತ್ತಿದ್ದ ಅವನ ಗಂಟಲು ಕೇಳುತ್ತಾ ಕೂತಿದ್ದೆ. ಅವನ ಪ್ರಸಂಗದ ಅರ್ಧ ಭಾಗ ನನ್ನ ನೋಟ್ಸಿನದು.

ಪ್ರತಿ ತಿಂಗಳೂ ಅಯ್ಯನವರನ್ನು ಕೇಳುತ್ತಿದ್ದೆ.

"ಅಯ್ಯನವ್ರೇ, ನನಗೆ ಪ್ರಸಂಗ ಯಾವ ಭಾನುವಾರ?"

"ಅದೇ ನೋಡ್ತಾ ಇದ್ದೀನಿ ಸಿಸ್ಟರ್. ನನಗೇನೂ ಅಭ್ಯಂತರ ಇಲ್ಲ. ನಮ್ಮ ಜನ ಸ್ವಲ್ಪ ಹಳೇ ಕಾಲದವ್ರು, ಒಪ್ಪಲ್ಲ. ನಿಧಾನಕ್ಕೆ ಮಾಡೋಣ."

ಆ ಹಳೇ ಕಾಲದ ಜನ ಯಾರು ಎಂದು ನಾನೇ ವಿಚಾರಿಸಲು ಹೊರಟೆ. ಕಾಫಿ ಕುಡಿಯುವಾಗ ಒಬ್ಬೊಬ್ಬರನ್ನೇ ಕೇಳಿದೆ. ಎಂಬತ್ತರ ಅಜ್ಜಿಯೊಬ್ಬರು, "ಹೇಳವ್ವಾ, ನಿನ್ ದನಿನಾದ್ರೂ ಕೇಳ್ಸುತ್ತೆ" ಎಂದರು. ಸಭೆಯ ಕಾರ್ಯದರ್ಶಿ ಕಾರ್ಖಾನೆಯಿಂದ ನಿವೃತ್ತರಾದ ಒಬ್ಬ ಹಿರಿಯರು. ಅವರನ್ನು ಕೇಳಿದಾಗ, "ನಮಗೇನಮ್ಮಾ? ಯಾರ್ ಹೇಳಿದ್ರೂ ಹತ್ತೂವರೆಗೆ ಬಿಟ್ರೆ ಸಾಕು" ಎಂದರು. ಒಪ್ಪದ ಒಬ್ಬರೂ ನನಗೆ ಸಿಗಲಿಲ್ಲ. ಮತ್ತೆ ಅಯ್ಯನವರ ಹತ್ತಿರ ಹೋಗಿ ಅದನ್ನೇ ಹೇಳಿದೆ. ಅವರು ನಕ್ಕು, "ಎದುರಿಗೆ ಹಾಗೇ ಅಂತಾರೆ ಸಿಸ್ಟರ್" ಎಂದರು.

ಕೊನೆಗೂ ಅವರು ಕೊಟ್ಟದ್ದು ಮಹಿಳಾ ಭಾನುವಾರವನ್ನು. ನಮ್ಮ ಸಭೆಗಳಲ್ಲಿ ವರ್ಷಕ್ಕೊಂದು ಭಾನುವಾರ ಹೆಂಗಸರದು. ಅಂದು ಹೆಂಗಸರೇ ಬೈಬಲಿನ ಪಾಠ ಓದುತ್ತಾರೆ, ಹೆಂಗಸರೇ ಪ್ರಾರ್ಥನೆ ನಡೆಸುತ್ತಾರೆ, ಆರಾಧನೆ ಮುಗಿದ ಮೇಲೆ ಹೆಂಗಸರೇ ಬಿರಿಯಾನಿ ಮಾಡಿ ಗಂಡಸರಿಗೆ ಬಡಿಸುತ್ತಾರೆ. ಉಳಿದ ಭಾನುವಾರಗಳೆಲ್ಲ ಯಾರವು ಎಂದು ಕೇಳಿದರೆ ನಿನಗೆ ಬಹಳ ಕೋಪವಮ್ಮಾ ಎನ್ನುತ್ತಾರೆ. ಹೌದು, ಬಹಳ ಕೋಪ. ಆದರೆ ಬೇರೆ ದಾರಿಯಿರಲಿಲ್ಲ. ಆ ಭಾನುವಾರವೂ ತಪ್ಪಿದರೆ ಪ್ರಸಂಗವಿಲ್ಲ, ಪ್ರಸಂಗವಿಲ್ಲದಿದ್ದರೆ ಫಾರ್ಮ್ ಇಲ್ಲ.

ಚರ್ಚಿನ ಗೇಟಿನ ಪಕ್ಕದಲ್ಲಿ ಒಂದು ಕರಿಹಲಗೆ ಇತ್ತು. ಮುಂದಿನ ಭಾನುವಾರಗಳ ವಿವರವನ್ನು ಕಾರ್ಯದರ್ಶಿಗಳು ಅದರ ಮೇಲೆ ಸೀಮೆಸುಣ್ಣದಲ್ಲಿ ಗುಂಡಗೆ ಬರೆಯುತ್ತಿದ್ದರು. ಹೆಸರು ಬರೆಯುವ ಪದ್ಧತಿಯಿಲ್ಲ. ಎಂದಿನ ವಾರ "ಪ್ರಸಂಗ: ಅಯ್ಯನವರು." ನನ್ನ ಕ್ಲಾಸಿನವನು ಮಾಡಿದ ವಾರ "ಪ್ರಸಂಗ: ಚಿಕ್ಕ ಅಯ್ಯನವರು." ಮಹಿಳಾ ಭಾನುವಾರಕ್ಕೆ ಇನ್ನೂ ಮೂರು ವಾರವಿರುವಾಗ, ನಾನು ಮನೆಗೆ ಹೊರಟವಳು ಗೇಟಿನಲ್ಲಿ ನಿಂತು ನೋಡಿದೆ. ಅವರು "ಪ್ರಸಂಗ: ಸಿಸ್ಟರ್" ಎಂದು ಬರೆದು ಕೈ ಒರೆಸಿಕೊಳ್ಳುತ್ತಿದ್ದರು.

ಒಂಬತ್ತು ತಿಂಗಳು ನುಂಗಿಕೊಂಡಿದ್ದೆಲ್ಲ ಆ ಪಾಪದ ಮನುಷ್ಯನ ಮೇಲೆ ಬಿತ್ತು.

"ಇದ್ಯಾವ ನ್ಯಾಯ ಸರ್? ಅವನು ಚಿಕ್ಕ ಅಯ್ಯನವ್ರು, ನಾನು ಸಿಸ್ಟರಾ? ಇಬ್ರೂ ಒಂದೇ ಕ್ಲಾಸು. ಅಳಿಸ್ರಿ ಅದನ್ನ!"

"ಮತ್ತೇನ್ ಬರೀಲಿ ಹೇಳಮ್ಮಾ?"

"ಮರ್ಯಾದೆ ಇರೋ ಪದ ಬರೀರಿ. ಅಯ್ಯನವ್ರಿಗೆ ಏನ್ ಮರ್ಯಾದೆ ಕೊಡ್ತೀರೋ ಅದೇ ನನಗೂ ಕೊಡಿ."

ಅವರು ಜೇಬಿನಿಂದ ಕರ್ಚೀಫು ತೆಗೆದು ಸಿಸ್ಟರನ್ನು ಒರೆಸಿದರು. ಸೀಮೆಸುಣ್ಣ ಹಿಡಿದು ಯೋಚಿಸುತ್ತಾ ನಿಂತರು. ನನಗೆ ಬಸ್ಸು ಬಂತು, ಓಡಿದೆ. ಮುಂದಿನ ಭಾನುವಾರ ಬಂದು ನೋಡಿದರೆ ಹಲಗೆಯ ಮೇಲೆ ಎಂದಿಗಿಂತ ದಪ್ಪ ಅಕ್ಷರದಲ್ಲಿ, ಕೆಳಗೊಂದು ಗೆರೆ ಎಳೆದು ಬರೆದಿತ್ತು. "ಮಹಿಳಾ ಭಾನುವಾರ. ಪ್ರಸಂಗ: ಅಮ್ಮನವರು."

ನನಗೆ ಖುಷಿಯಾಯಿತು. ಆ ಹಿರಿಯರು ಒಬ್ಬ ಹೆಂಗಸಿಗೆ ಕೊಡಬಹುದಾದ, ತನಗೆ ಗೊತ್ತಿದ್ದ ಎಲ್ಲಕ್ಕಿಂತ ದೊಡ್ಡ ಪದವನ್ನೇ ನನಗೆ ಕೊಟ್ಟಿದ್ದರು. ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. ಆ ಪದಕ್ಕೆ ಆ ಸಭೆಯಲ್ಲಿ ಆಗಲೇ ಒಬ್ಬರು ಇದ್ದಾರೆ ಎಂಬುದು ನನ್ನ ತಲೆಗೆ ಹೋಗಲೇ ಇಲ್ಲ.

ಅವರ ಬಗ್ಗೆ ಹೇಳಬೇಕು. ಅಯ್ಯನವರ ಹೆಂಡತಿ, ಅಂದರೆ ನಿಜವಾದ ಅಮ್ಮನವರು, ಮೂರನೇ ಸಾಲಿನ ತುದಿಯಲ್ಲಿ ಕೂರುತ್ತಿದ್ದರು. ಗಂಜಿ ಹಾಕಿದ ಕಾಟನ್ ಸೀರೆ, ಬಿಗಿದು ಕಟ್ಟಿದ ಗಂಟು, ಎದೆಗೆ ಒತ್ತಿ ಹಿಡಿದ ಗೀತೆ ಪುಸ್ತಕ. ಆರಾಧನೆ ಮುಗಿದ ಕೂಡಲೇ ಎಲ್ಲರಿಗಿಂತ ಮೊದಲು ಎದ್ದು ಹೋಗಿ ಕಾಫಿ ಕಾಯಿಸುತ್ತಿದ್ದರು. ಮಹಿಳಾ ಕೂಟದಲ್ಲಿ ಹಾಜರಿ ತೆಗೆದುಕೊಳ್ಳುತ್ತಿದ್ದರು. ನನಗೆ ಅವರನ್ನು ಕಂಡರೆ ತಾತ್ಸಾರ, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ. ನಾನು ಏನಾಗಬಾರದು ಎಂದು ಮನೆಯವರ ಜೊತೆ, ಸಭೆಯವರ ಜೊತೆ ಹೊಡೆದಾಡುತ್ತಿದ್ದೆನೋ ಅದೇ, ಸೀರೆಯುಟ್ಟು, ಎದುರಿಗೆ ಓಡಾಡುತ್ತಿದೆ ಎನಿಸುತ್ತಿತ್ತು. ಆ ಸಭೆಯಲ್ಲಿ ನನ್ನನ್ನು ಸಿಸ್ಟರ್ ಎಂದು ಒಮ್ಮೆಯೂ ಕರೆಯದೆ ಇದ್ದವರು ಅವರೊಬ್ಬರೇ ಎಂಬುದನ್ನು ಆಗ ನಾನು ಗಮನಿಸಿರಲಿಲ್ಲ.

ಮಹಿಳಾ ಭಾನುವಾರ ಬಂತು. ನಮಗೆ ಪ್ರಸಂಗ ಕಲಿಸುತ್ತಿದ್ದ ಮೇಷ್ಟ್ರು ಅಂಕ ಹಾಕಲು ಬಂದು ಮೊದಲ ಬೆಂಚಿನಲ್ಲಿ ಕೂತಿದ್ದರು. ಅವರು ಕೇರಳದವರು, ಬೆಂಗಳೂರಿಗೆ ಬಂದು ಹತ್ತು ವರ್ಷವಾದರೂ ಆಟೋದವರ ಜೊತೆ ಬೇಕಾದಷ್ಟೇ ಕನ್ನಡ ಬರುತ್ತಿತ್ತು. ಕನ್ನಡ ಪ್ರಸಂಗಕ್ಕೆ ನೀವು ಹೇಗೆ ಅಂಕ ಹಾಕುತ್ತೀರಿ ಎಂದು ಕೇಳಿದ್ದಕ್ಕೆ, ಧ್ವನಿ ನೋಡುತ್ತೇನೆ, ಕಣ್ಣು ನೋಡುತ್ತೇನೆ, ನಿಲುವು ನೋಡುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಿದ್ದರು. ನಾಲ್ಕು ವರ್ಷ ಕನ್ನಡದ ಒಂದು ಗಂಟೆಯ ಪಾಠವೂ ಇಲ್ಲದೆ ನಮ್ಮನ್ನು ಕನ್ನಡ ಸಭೆಗಳಿಗೆ ತಯಾರು ಮಾಡುವ ಕಾಲೇಜು ಅದು. ಅದಕ್ಕೂ ನನಗೆ ಸಿಟ್ಟಿತ್ತು, ಆದರೆ ಅವತ್ತು ಅದನ್ನು ಪಕ್ಕಕ್ಕಿಟ್ಟಿದ್ದೆ.

ಪ್ರಸಂಗ ಪೀಠದ ಪಕ್ಕದ ಸಣ್ಣ ಕೋಣೆ ವೆಸ್ಟ್ರಿ. ಆರಾಧನೆಗೆ ಮೊದಲು ಅಲ್ಲಿ ನಿಂತು ಪ್ರಾರ್ಥನೆ ಮಾಡಿ ಹೊರಗೆ ಬರುವುದು ಕ್ರಮ. ಅಯ್ಯನವರೂ ನಾನೂ ಅಲ್ಲಿದ್ದೆವು. ಹತ್ತು ನಿಮಿಷವಿತ್ತು. ಆಗ ಬಾಗಿಲು ಸರಿಸಿಕೊಂಡು ಅಮ್ಮನವರು ಬಂದರು. ಬಿಳಿ ಸೀರೆ ಉಟ್ಟಿದ್ದರು, ನನ್ನ ಹಾಗೆಯೇ. ಗೀತೆ ಪುಸ್ತಕದೊಳಗೆ ಮಡಚಿದ ನಾಲ್ಕು ಹಾಳೆ ಇಣುಕುತ್ತಿದ್ದವು. ತುಟಿ ಒಣಗಿತ್ತು.

"ನಾನು ರೆಡಿ. ಎರಡನೇ ಗೀತೆ ಆದ ತಕ್ಷಣ ಬರ್ಲಾ, ಇಲ್ಲಾ ಪಾಠ ಓದಿದ್ಮೇಲೆ ಬರ್ಲಾ?" ಎಂದು ಗಂಡನನ್ನು ಕೇಳಿದರು.

"ಎಲ್ಲಿಗೆ?" ಎಂದರು ಅಯ್ಯನವರು.

"ಪ್ರಸಂಗಕ್ಕೆ."

ಅಯ್ಯನವರು ಅವರ ಮುಖ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ನಗತೊಡಗಿದರು.

"ನೀನಾ? ನೀನು ಪ್ರಸಂಗ ಮಾಡ್ತೀಯಾ?"

"ಬೋರ್ಡಲ್ಲಿ ಅಮ್ಮನವರು ಅಂತ ಬರ್ದಿತ್ತು..."

"ಅಯ್ಯೋ, ಅದು ಸಿಸ್ಟರಿಗೆ ಕಣೇ!" ಎಂದು ಮೇಜು ಹಿಡಿದುಕೊಂಡು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನಾನೂ ನಕ್ಕೆ.

ಯಾಕೆ ನಕ್ಕೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಒಂದು ಗಳಿಗೆ ನನ್ನ ಪರೀಕ್ಷೆ ಕೈತಪ್ಪಿತೆಂದು ಹೆದರಿದ್ದೆ, ಆ ಹೆದರಿಕೆ ಇಳಿದ ಸಮಾಧಾನ ಇರಬಹುದು. ಆದರೆ ಅಷ್ಟೇ ಅಲ್ಲ. ಕಾಫಿ ಕಾಯಿಸುವ ಈ ಹೆಂಗಸು ಪೀಠ ಹತ್ತುತ್ತೇನೆ ಎಂದುಕೊಂಡದ್ದು ನನಗೂ ತಮಾಷೆಯಾಗಿಯೇ ಕಂಡಿತು. ನಾನು ಅಯ್ಯನವರ ಜೊತೆ ಸೇರಿ, ಅಯ್ಯನವರ ಹಾಗೆಯೇ, ಬಾಯಿಬಿಟ್ಟು ನಕ್ಕೆ. ಒಂಬತ್ತು ತಿಂಗಳಲ್ಲಿ ನಾವಿಬ್ಬರೂ ಒಟ್ಟಿಗೆ ನಕ್ಕಿದ್ದು ಅದೊಂದೇ ಸಲ.

ಅಮ್ಮನವರೂ ಸ್ವಲ್ಪ ನಕ್ಕರು. "ನಂದೇ ತಪ್ಪು ಬಿಡಿ. ಕೇಳ್ಬೇಕಿತ್ತು" ಎಂದರು. ಹಾಳೆಗಳು ಪುಸ್ತಕದಿಂದ ಜಾರಿ ಮೇಜಿನ ಮೇಲೆ ಬಿದ್ದವು. ಅವರು ಎತ್ತಿಕೊಳ್ಳುವ ಮೊದಲು ಮೇಲಿನ ಸಾಲು ನನ್ನ ಕಣ್ಣಿಗೆ ಬಿತ್ತು. "ಪ್ರಿಯರೇ, ನನ್ನ ಸ್ವರ ನಡುಗಿದರೆ ದಯವಿಟ್ಟು ಕ್ಷಮಿಸಿ." ಹಾಳೆಗಳನ್ನು ಎಂಟು ಮಡಿಕೆ ಮಾಡಿ ಬ್ಲೌಸಿನೊಳಗೆ ಸೇರಿಸಿಕೊಂಡು, "ಹಾಗಾದ್ರೆ ನಾನು ಅಕ್ಕಿ ನೆನೆಸಿ ಬಂದ್ಬಿಡ್ತೀನಿ" ಎಂದು ಹೊರಟರು.

ನನ್ನ ಪ್ರಸಂಗ ಚೆನ್ನಾಗಿ ಆಯಿತು. ಜಾಲಹಳ್ಳಿಯ ಕಾರ್ಖಾನೆಯ ಸೈರನ್ನಿನಿಂದ ಶುರು ಮಾಡಿದೆ. ಸೈರನ್ ಕೇಳಿ ಎದ್ದು ಹೋಗುವವರು ಗಂಡಸರು, ಆದರೆ ಅದಕ್ಕೂ ಒಂದು ಗಂಟೆ ಮುಂಚೆ ಸೈರನ್ ಇಲ್ಲದೆಯೇ ಏಳುವವರು ಯಾರು ಎಂದು ಕೇಳಿದಾಗ ಹೆಂಗಸರ ಸಾಲುಗಳಲ್ಲಿ ನಗು ಹರಿದಾಡಿತು. ಇಪ್ಪತ್ತೆರಡು ನಿಮಿಷಕ್ಕೆ ಮುಗಿಸಿದೆ. ಕಾರ್ಯದರ್ಶಿಗಳು ಗಡಿಯಾರ ನೋಡಿ ತೃಪ್ತಿಯಿಂದ ತಲೆಯಾಡಿಸಿದರು. ಮೇಷ್ಟ್ರು ನನ್ನ ಧ್ವನಿಗೂ ಕಣ್ಣಿಗೂ ನಿಲುವಿಗೂ ಎ ಗ್ರೇಡ್ ಕೊಟ್ಟರು. ಮೂರನೇ ಸಾಲಿನ ತುದಿಯಲ್ಲಿ ಅಮ್ಮನವರು ಕೂತು ಕೇಳುತ್ತಿದ್ದುದು ಕಂಡಿತ್ತು. ನಾನು ಆ ಕಡೆ ಹೆಚ್ಚು ನೋಡಲಿಲ್ಲ.

ಎರಡು ವಾರದ ಮೇಲೆ ಒಂದು ಮಧ್ಯಾಹ್ನ ಫಾರ್ಮ್ ತರಲು ಚರ್ಚಿನ ಹಿಂದೆಯೇ ಇದ್ದ ಅಯ್ಯನವರ ಮನೆಗೆ ಹೋದೆ. ಅವರು ಹೆಬ್ಬಾಳದ ಆಸ್ಪತ್ರೆಯಲ್ಲಿದ್ದ ಯಾರನ್ನೋ ನೋಡಲು ಹೋಗಿದ್ದರು. ಇನ್ನೇನು ಬರ್ತಾರೆ, ಕೂತ್ಕೊಳ್ಳಿ ಎಂದು ಅಮ್ಮನವರು ಕವರು ಕೊಟ್ಟು ಒಳಗೆ ಹೋದರು. ಕವರು ಅಂಟಿಸಿರಲಿಲ್ಲ. ತೆಗೆದೆ. ಸಮಯಪಾಲನೆ ಉತ್ತಮ. ನಡತೆ ಉತ್ತಮ. ಪ್ರಸಂಗ ಉತ್ತಮ. ಅಡಿಯ ಗೆರೆಯಲ್ಲಿ ಅವರ ಮುದ್ದಾದ ಅಕ್ಷರದಲ್ಲಿ ಹೀಗಿತ್ತು. "ಮಹಿಳೆಯರ ಮತ್ತು ಮಕ್ಕಳ ಸೇವೆಗೆ ಅತ್ಯಂತ ಯೋಗ್ಯರು."

ನನಗೆ ದುಃಖವಾಗಲಿಲ್ಲ, ಕೋಪ ಬಂತು. ಅವರು ಎದುರಿಗಿದ್ದಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಅವರು ಇರಲಿಲ್ಲ, ಆದ್ದರಿಂದ ಕಾಫಿ ಲೋಟ ಹಿಡಿದು ಬಂದ ಅಮ್ಮನವರ ಮೇಲೆಯೇ ಎಗರಿದೆ.

"ನೋಡಿ ನಿಮ್ಮ ಯಜಮಾನ್ರು ಏನ್ ಬರ್ದಿದ್ದಾರೆ ಅಂತ! ನಾಲ್ಕು ವರ್ಷ ನಾನು ಬಣ್ಣದ ಪೆನ್ಸಿಲ್ ಹಂಚೋಕೆ ಗ್ರೀಕ್ ಓದಿದ್ನಾ? ನಿಮಗೆ ಇದೆಲ್ಲ ಅರ್ಥ ಆಗಲ್ಲ ಬಿಡಿ!"

ಅವರು ಲೋಟ ಕೆಳಗಿಟ್ಟರು. ಕಿಟಕಿಯ ಕಟ್ಟೆಯ ಮೇಲಿದ್ದ ಕನ್ನಡಕ ಹಾಕಿಕೊಂಡು ಫಾರ್ಮನ್ನು ಮೇಲಿನಿಂದ ಕೆಳಗಿನವರೆಗೆ, ಒಂದು ಸಾಲೂ ಬಿಡದೆ ಓದಿದರು. ಹಿಂದಕ್ಕೆ ತಿರುಗಿಸಿ ಖಾಲಿ ಪುಟವನ್ನೂ ನೋಡಿದರು.

"ಈಗ ಬಿಳಿ ಮಾಡಿದ್ದಾರಾ ಇದನ್ನ? ನಮ್ಮ ಕಾಲದಲ್ಲಿ ಹಳದಿ ಇತ್ತು" ಎಂದರು.

ನನಗೆ ಮೊದಲು ಅರ್ಥವಾಗಲಿಲ್ಲ. "ನಿಮ್ಮ ಕಾಲ ಅಂದ್ರೆ?"

"ನಾನೂ ಅಲ್ಲೇ ಓದಿದ್ದು. ನಾವಿಬ್ರೂ ಒಂದೇ ಬ್ಯಾಚು."

"ಅಯ್ಯನವ್ರು ಒಂದಿನಾನೂ ಹೇಳ್ಲಿಲ್ಲ."

"ಯಾರೂ ಕೇಳ್ಲಿಲ್ವಲ್ಲ." ಅವರು ಸಣ್ಣಗೆ ನಕ್ಕರು. "ಗ್ರೀಕಲ್ಲಿ ಅವರು ಎರಡು ಸಲ ಫೇಲು. ಮೂರನೇ ಸಲ ನಾನೇ ಹೇಳ್ಕೊಟ್ಟೆ."

ಅವರು ಫಾರ್ಮಿನ ಕೊನೆಯ ಗೆರೆಯ ಮೇಲೆ ಬೆರಳಿಟ್ಟರು.

"ನನ್ನ ಫಾರ್ಮಲ್ಲೂ ಇದೇ ಬರ್ದಿದ್ರು. ಅತ್ಯಂತ ಅನ್ನೋದನ್ನೂ ಸೇರಿಸಿ. ಸಂದರ್ಶನಕ್ಕೆ ಕರೀಲಿಲ್ಲ. ಆಮೇಲೆ ಮದ್ವೆ ಆಯ್ತು, ಒಂದ್ಮನೇಲಿ ಒಬ್ರು ಸಾಕಲ್ವಾ ಅಂದ್ರು ದೊಡ್ಡೋರು. ಆಮೇಲೆ ಮಕ್ಕಳು, ಟ್ರಾನ್ಸ್‌ಫರು, ಹಂಗೇ ಆಗೋಯ್ತು."

"ಮತ್ತೆ ಅವತ್ತು ಬೋರ್ಡು..."

"ಬೋರ್ಡ್ ನೋಡಿ, ಕೊನೆಗೂ ಯಾರಿಗೋ ಜ್ಞಾಪಕ ಬಂತಲ್ಲಾ ಅಂದ್ಕೊಂಡೆ."

ಅದನ್ನು ಅವರು ದೂರಿನಂತೆ ಹೇಳಲಿಲ್ಲ, ಮಳೆ ಬರಬಹುದು ಎಂದುಕೊಂಡೆ, ಬರಲಿಲ್ಲ ಎನ್ನುವ ಹಾಗೆ ಹೇಳಿದರು. ಕ್ಷಮಿಸಿ ಎಂದು ಹೇಳಬೇಕಿತ್ತು, ಹೇಳಲಿಲ್ಲ. ಆ ಹೊತ್ತಿಗೆ ಗೇಟಿನಲ್ಲಿ ಸ್ಕೂಟರ್ ನಿಂತ ಸದ್ದಾಯಿತು. ಅಯ್ಯನವರು ಒಳಗೆ ಬಂದು, "ಓಹೋ, ಸಿಸ್ಟರ್! ಫಾರ್ಮ್ ಸಿಕ್ತಾ?" ಎಂದರು.

ಅಮ್ಮನವರು ಫಾರ್ಮನ್ನು ಅವರ ಮುಂದೆ ಹಿಡಿದರು. "ಇದನ್ನ ತಿದ್ರಿ."

"ಯಾಕೆ, ಏನಾಯ್ತು?"

"ಸಭಾಪಾಲನೆಗೆ ಅಂತ ಬರೀರಿ."

"ನೋಡೇ, ಮೇಲಿನವ್ರು ಏನಂತಾರೆ ಅಂತ ಯೋಚ್ನೆ ಮಾಡಿ ಒಳ್ಳೇದಕ್ಕೇ..."

"ನನ್ನ ಫಾರ್ಮ್ ಬರ್ದ ಅಯ್ಯನವ್ರ ಮನೆಗೆ ನೀವು ಹೋಗಿ ಕೂಗಾಡಿದ್ರಿ. ಮರ್ತೋಯ್ತಾ? ಇನ್ನೂ ಮದ್ವೆ ಆಗಿರ್ಲಿಲ್ಲ. ಇದು ಅನ್ಯಾಯ, ಈ ಹುಡುಗಿ ನನಗಿಂತ ಚೆನ್ನಾಗಿ ಪ್ರಸಂಗ ಮಾಡ್ತಾಳೆ ಅಂದಿದ್ರಿ. ಬೀದಿಗೆಲ್ಲ ಕೇಳ್ಸಿತ್ತು. ತಿದ್ರಿ."

ಅಯ್ಯನವರ ಮುಖದ ನಗು ಹೋಗಿದ್ದನ್ನು ಅವತ್ತು ಮೊದಲ ಸಲ ನೋಡಿದೆ. ಅವರು ಜೇಬಿನಿಂದ ಪೆನ್ನು ತೆಗೆದು, ಬರೆದಿದ್ದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ "ಸಭಾಪಾಲನೆಗೆ ಯೋಗ್ಯರು" ಎಂದು ಬರೆದು, ತಿದ್ದಿದ ಜಾಗಕ್ಕೆ ಸಹಿ ಹಾಕಿದರು. ನನ್ನ ಕಡೆಗೂ ನೋಡಲಿಲ್ಲ, ಹೆಂಡತಿಯ ಕಡೆಗೂ ನೋಡಲಿಲ್ಲ. ಒಳಕೋಣೆಗೆ ಹೋದರು.

ಅವರು ತಿದ್ದಿ ಕೊಟ್ಟರಲ್ಲ, ಇನ್ನಾದರೂ ಸಿಟ್ಟು ಇಳಿಯಲಿಲ್ಲವಾ ಎಂದು ನನ್ನ ಗೆಳತಿಯರು ಕೇಳುತ್ತಾರೆ. ಇಳಿಯಲಿಲ್ಲ, ಏರಿತು. ಇದು ತಪ್ಪೆಂದು ತಿಳಿಯದೆ ಮಾಡುವವರಿಗೆ ತಿಳಿಸಿಹೇಳಬಹುದು. ಈ ಮನುಷ್ಯನಿಗೆ ನನಗಿಂತ ಮೊದಲೇ ತಿಳಿದಿತ್ತು. ಒಂದು ಕಾಲಕ್ಕೆ ಇದೇ ಗೆರೆಗಾಗಿ ಬೀದಿಗೆ ಕೇಳುವಂತೆ ಕೂಗಿದವರು. ಆಮೇಲೆ ಆ ಹುಡುಗಿ ಅವರ ಮನೆಯಲ್ಲೇ, ಅವರ ಎದುರಿಗೇ ಕಾಫಿ ಕಾಯಿಸುತ್ತಾ ಇದ್ದುಬಿಟ್ಟಾಗ ಅದನ್ನು ಮರೆಯುವುದು ಅವರಿಗೆ ಎಷ್ಟು ಸುಲಭವಾಯಿತು.

ನನ್ನನ್ನು ಸಂದರ್ಶನಕ್ಕೆ ಕರೆದರು. ಮದುವೆ ಯಾವಾಗ ಎಂದು ಕೇಳಿದರು, ಅಡುಗೆ ಬರುತ್ತಾ ಎಂದು ಕೇಳಿದರು, ಕೊನೆಗೆ ಒಪ್ಪಿದರು. ಈಗ ನಾನು ಶೆಟ್ಟಿಹಳ್ಳಿ ಕಡೆಯ ಒಂದು ಸಣ್ಣ ಸಭೆಯನ್ನು ನೋಡಿಕೊಳ್ಳುತ್ತಿದ್ದೇನೆ. ಹೊಸಬರು ಫೋನ್ ಮಾಡಿ, "ಅಮ್ಮನವ್ರೇ, ಸ್ವಲ್ಪ ಅಯ್ಯನವ್ರಿಗೆ ಕೊಡಿ" ಎನ್ನುತ್ತಾರೆ. ನಾನೇ ಎಂದರೆ, ಆಮೇಲೆ ಮಾಡ್ತೀನಿ ಎಂದು ಫೋನ್ ಇಟ್ಟುಬಿಡುತ್ತಾರೆ. ನಮ್ಮ ಗೇಟಿನ ಹಲಗೆಯ ಮೇಲೆ ಪ್ರಸಂಗ ಮಾಡುವವರ ಹೆಸರನ್ನೇ ಬರೆಸುತ್ತೇನೆ. ಹಳಬರಿಗೆ ಅದು ಹಿಡಿಸುವುದಿಲ್ಲ, ಹೆಸರು ಹಿಡಿದು ಬರೆಯುವುದು ಮರ್ಯಾದೆಯೇ ಎಂದು ಗೊಣಗುತ್ತಾರೆ. ಗೊಣಗಲಿ.

ಆ ಅಮ್ಮನವರನ್ನು ನಮ್ಮ ಸಭೆಗೆ ಪ್ರಸಂಗಕ್ಕೆ ಕರೆದೆ. ಮಹಿಳಾ ಭಾನುವಾರಕ್ಕಲ್ಲ, ಹಾಗೇ ಒಂದು ಎಂದಿನ ಭಾನುವಾರಕ್ಕೆ. ಮಂಡಿ ನೋವು ಎಂದರು. ಆರು ತಿಂಗಳು ಬಿಟ್ಟು ಮತ್ತೆ ಕರೆದೆ. ಮೊಮ್ಮಗಳಿಗೆ ಪರೀಕ್ಷೆ ಎಂದರು. ಮೂರನೇ ಸಲ ಫೋನು ಮಾಡದೆ ನಾನೇ ಹೋದೆ. ಅಯ್ಯನವರು ನಿವೃತ್ತರಾಗಿದ್ದಾರೆ, ಇಬ್ಬರೂ ಯಶವಂತಪುರದಲ್ಲಿ ಮಗಳ ಮನೆಯ ಮಹಡಿಯಲ್ಲಿದ್ದಾರೆ. ಅಯ್ಯನವರು ಪಕ್ಕದ ಕೋಣೆಯಲ್ಲಿ ಟಿವಿ ನೋಡುತ್ತಿದ್ದರು. ಅಮ್ಮನವರು ಕಾಫಿ ತಂದರು. ನಾನು ಅಂಗಲಾಚಿದೆ.

"ನಿಮ್ಮ ಹೆಸರು ಬೋರ್ಡಲ್ಲಿ ಬರೆಸ್ತೀನಿ. ಹೆಸರಿನ ಮುಂದೆ ಡಿಗ್ರಿನೂ ಬರೆಸ್ತೀನಿ. ಆ ನಾಲ್ಕು ಹಾಳೆ ಇದ್ರೆ ಅದನ್ನೇ ತನ್ನಿ. ಅಲ್ಲಿ ಯಾರೂ ನಿಮ್ಮನ್ನ ನೋಡಿ ನಗಲ್ಲ. ಅಯ್ಯನವ್ರು ನಕ್ರು ಅಂತ ತಾನೇ ನೀವು ಬರ್ತಾ ಇಲ್ಲ?"

ಅವರು ಸೆರಗಿನ ಅಂಚನ್ನು ಬೆರಳಲ್ಲಿ ತೀಡಿದರು.

"ಇವ್ರು ನಗೋದು ನನಗೆ ಅಭ್ಯಾಸ ಆಗೋಗಿತ್ತಮ್ಮ. ಅದೇನೂ ಇಲ್ಲ" ಎಂದರು. "ಅವತ್ತು ನೀವೂ ನಕ್ಬಿಟ್ರಲ್ಲ."

ಪಕ್ಕದ ಕೋಣೆಯಲ್ಲಿ ಟಿವಿಯ ಸದ್ದು ಕೇಳುತ್ತಿತ್ತು. ಕಾಫಿ ಆರ್ತಾ ಇದೆ, ಕುಡೀರಿ ಎಂದು ಅವರು ಲೋಟವನ್ನು ನನ್ನ ಕಡೆ ಸರಿಸಿದರು. ನಾನು ಕುಡಿದೆ.